ಮೂರನೆಯ ಗ್ಲಾಸು

ಮಾವನ ಮನೆಗೆ ಅಳಿಯಂದಿರು ಇಬ್ಬರು. ದೊಡ್ಡಳಿಯ ಮದ್ಯ ಆಮದು ಮಾಡುವ ಕಂಪನಿಯಲ್ಲಿ ಮುಖ್ಯ ರುಚಿಗಾರ. ಚಿಕ್ಕಳಿಯ ಲಾಂಡ್ರಿ ಇಟ್ಟವನು. ಈ ಎರಡು ಉದ್ಯೋಗಗಳ ನಡುವಿನ ಅಂತರದಲ್ಲಿ ದೊಡ್ಡಳಿಯ ಹನ್ನೊಂದು ವರ್ಷ ಕಾಲು ಚಾಚಿಕೊಂಡು ನೆಮ್ಮದಿಯಾಗಿ ಕೂತಿದ್ದ.

ಅವನ ಕೆಲಸ ಏನೆಂದು ಕೇಳಿದವರು ಮೊದಲು ನಗುತ್ತಿದ್ದರು, ಆಮೇಲೆ ಕರುಬುತ್ತಿದ್ದರು. ಎರಡೂ ಅವನಿಗೆ ಒಗ್ಗಿಹೋಗಿದ್ದವು. ಬೆಳಿಗ್ಗೆ ಹತ್ತಕ್ಕೆ, ಕಾಫಿ ಕುಡಿಯದೆ, ಪರಿಮಳದ ಸೋಪು ಮುಟ್ಟದೆ, ಕಿಟಕಿಯ ಪಕ್ಕದ ಎತ್ತರದ ಕುರ್ಚಿಯಲ್ಲಿ ಅವನು ಕೂರಬೇಕು. ಮುಂದೆ ಬಿಳಿ ಮೇಜು, ಮೇಜಿನ ಮೇಲೆ ಹೊಟ್ಟೆ ಉಬ್ಬಿ ಬಾಯಿ ಕಿರಿದಾದ ಗ್ಲಾಸುಗಳ ಸಾಲು, ಎಡಗಡೆ ಉಗಿಯುವ ತೊಟ್ಟಿ. ಕಂಪನಿ ಹೆಸರು ಮಾಡಿದ್ದು ಟಕೀಲಾದಲ್ಲಿ, ಕತ್ತಾಳೆ ದಿಂಡಿನಿಂದ ಇಳಿಸುವ ಮದ್ಯದಲ್ಲಿ. ದೂರದ ಭಟ್ಟಿಗಳಿಂದ ಬಂದ ಪ್ರತಿಯೊಂದು ಲಾಟನ್ನೂ ಅವನು ಮೂಸಿ, ಒಂದು ಗುಟುಕು ಬಾಯಲ್ಲಿ ಆಡಿಸಿ, ಉಗಿದು, ‘ಆಗಬಹುದು’ ಅಥವಾ ‘ಬೇಡ’ ಎಂದು ಬರೆಯುತ್ತಿದ್ದ. ಅವನು ‘ಬೇಡ’ ಎಂದರೆ ಬೇಡವೇ. ಹತ್ತೊಂಬತ್ತು ವರ್ಷದಲ್ಲಿ ಯಾರೂ ಎದುರು ಮಾತಾಡಿರಲಿಲ್ಲ. ಕಸ ಗುಡಿಸುವಾಕೆ ಸಹ ಆ ಕುರ್ಚಿಯನ್ನು ಎತ್ತಿಟ್ಟು ಗುಡಿಸಿ, ನೆಲದ ಮೇಲಿನ ಅದೇ ನಾಲ್ಕು ಗುರುತುಗಳ ಮೇಲೆ ಮತ್ತೆ ಇಡುತ್ತಿದ್ದಳು.

ಅತ್ತೆಗೆ ಮಾತ್ರ ಇದು ಕೊನೆಯವರೆಗೂ ಅರ್ಥವಾಗಲಿಲ್ಲ. “ಉಗಿಯೋದಕ್ಕೆ ಸಂಬಳ ಕೊಡ್ತಾರಂತೆ ಇವರಿಗೆ. ನಮ್ಮನೆಯೋರು ನಲವತ್ತು ವರ್ಷದಿಂದ ಬಿಟ್ಟಿಯಾಗಿ ಉಗಿಸ್ಕೋತಾ ಇದಾರೆ” ಎಂದು ಗಂಡನ ಕಡೆ ನೋಡುತ್ತಿದ್ದರು. ಮಾವ ಪೇಪರಿನ ಹಿಂದೆ ಮರೆಯಾಗುತ್ತಿದ್ದರು.

ಚಿಕ್ಕಳಿಯನ ಲಾಂಡ್ರಿ ಎರಡು ಬೀದಿಗಳು ಸೇರುವ ಮೂಲೆಯಲ್ಲಿತ್ತು. ಮುಂದೆ ಕೌಂಟರು, ಹಿಂದೆ ಉಗಿಯ ಮಂಜು. ಅವನೂ ದಿನವಿಡೀ ಮೂಸುವವನೇ, ಆದರೆ ಯಾರೂ ಅದನ್ನು ಉದ್ಯೋಗವೆಂದು ಕರೆದಿರಲಿಲ್ಲ. ಕಲೆ ಯಾವುದೆಂದು ಗೊತ್ತಿಲ್ಲದೆ ಅದಕ್ಕೆ ಕೈ ಹಚ್ಚುವಂತಿಲ್ಲ, ಮತ್ತು ಕಲೆಯ ವಿಷಯದಲ್ಲಿ ಗಿರಾಕಿಗಳು ನಿಜ ಹೇಳುವುದಿಲ್ಲ. “ಕಾಫಿ ಅಂತಾರೆ. ಕಾಫಿ ಆಗಿದ್ರೆ ನನ್ನ ಮುಖ ನೋಡಿ ಹೇಳ್ತಿದ್ರು” ಎನ್ನುತ್ತಿದ್ದ ಚಿಕ್ಕಳಿಯ. ಬಟ್ಟೆಯನ್ನು ಮೂಗಿಗೆ ಹಿಡಿದು, ಒಂದು ಕ್ಷಣ ಕಣ್ಣು ಮುಚ್ಚಿ, ಏನೂ ಹೇಳದೆ ಚೀಟಿ ಬರೆದುಕೊಡುತ್ತಿದ್ದ. ಇನ್ನೊಂದು ಕ್ರಮವೂ ಅಲ್ಲಿತ್ತು. ಒಗೆಯುವ ಮುಂಚೆ ಜೇಬು ನೋಡಿ, ಸಿಕ್ಕಿದ್ದನ್ನು — ಬೀಗದ ಕೈಯೋ, ಸಿನಿಮಾ ಟಿಕೆಟ್ಟೋ, ಓದಬಾರದ ಕಾಗದವೋ — ಸಣ್ಣ ಕವರಿಗೆ ಹಾಕಿ, ಒಗೆದ ಬಟ್ಟೆಗೆ ಪಿನ್ ಮಾಡಿ ಕಳಿಸುವುದು. ಪ್ರಶ್ನೆ ಇಲ್ಲ, ಮುಗುಳ್ನಗೆ ಇಲ್ಲ. ಅರ್ಧ ಊರಿನ ಗುಟ್ಟು ಅವನ ಕೈಯಲ್ಲಿ ಹಾದುಹೋಗಿದ್ದರೂ ಒಂದೂ ಅವನ ಬಾಯಿಂದ ಹೊರಗೆ ಬಿದ್ದಿರಲಿಲ್ಲ.

ದೊಡ್ಡಳಿಯನಿಗೂ ಒಂದು ಗುಟ್ಟು ಇತ್ತು. ಎರಡು ವರ್ಷದ ಕೆಳಗೆ ಒಂದು ಕೆಟ್ಟ ಜ್ವರ ಬಂದು ಹೋಗಿತ್ತು. ಹೋಗುವಾಗ ಅವನ ಮೂಗನ್ನೂ ಮುಕ್ಕಾಲು ಪಾಲು ಎತ್ತಿಕೊಂಡು ಹೋಗಿತ್ತು. ಮುಂಚೆ ಒಂದು ಗ್ಲಾಸು ಮೂಗಿಗೆ ಹಿಡಿದರೆ ಇಡೀ ಪೇಟೆಬೀದಿ ತೆರೆದುಕೊಳ್ಳುತ್ತಿತ್ತು: ಬೆಂದ ಕತ್ತಾಳೆ, ಕರಿಮೆಣಸು, ಒದ್ದೆ ಕಲ್ಲು, ಹಸಿ ಹುಲ್ಲು. ಈಗ ಆ ಬೀದಿಯಲ್ಲಿ ಬಹುಪಾಲು ಅಂಗಡಿ ಬಾಗಿಲು ಹಾಕಿದ್ದವು. ತೆರೆದಿದ್ದ ಒಂದೆರಡು ಕೂಡ ಯಾವಾಗ ಮುಚ್ಚುತ್ತವೋ ಹೇಳುವಂತಿರಲಿಲ್ಲ. ಅವನು ಯಾರಿಗೂ ಹೇಳಲಿಲ್ಲ, ಹೆಂಡತಿಗೂ. ಹೇಳದೇ ನಡೆಯುತ್ತಿತ್ತು. ಬಣ್ಣ ಕಣ್ಣಿಗೆ ಕಾಣುತ್ತದೆ. ಗ್ಲಾಸಿನ ಒಳಮೈಯಲ್ಲಿ ಹನಿ ಎಷ್ಟು ನಿಧಾನವಾಗಿ ಇಳಿಯುತ್ತದೆ ಎಂಬುದೂ ಕಾಣುತ್ತದೆ. ಲಾಟಿನ ಜೊತೆ ಕಾಗದ ಬಂದಿರುತ್ತದೆ. ಉಳಿದದ್ದಕ್ಕೆ ಹದಿನೇಳು ವರ್ಷದ ಶಬ್ದಭಂಡಾರ ಇತ್ತು. ಮನುಷ್ಯ ಮೂಗಿಲ್ಲದೆಯೂ ಎಷ್ಟು ದೂರ ಹೋಗಬಹುದು ಎಂದು ಅವನಿಗೇ ಆಶ್ಚರ್ಯವಾಗಿತ್ತು.

ಗಂಟಲಿಗೆ ಮುಳ್ಳು ಸಿಕ್ಕಿಕೊಂಡದ್ದು ಒಂದು ಭಾನುವಾರ, ಮಾವನ ಮನೆಯ ನಡುಮನೆಯಲ್ಲಿ.

ಊಟಕ್ಕೆ ಇನ್ನೂ ಹೊತ್ತಿತ್ತು. ದೊಡ್ಡಳಿಯ ನಾಲ್ಕು ಮಾದರಿ ಬಾಟಲಿ ತಂದು ಮಾವನ ಮುಂದೆ ಸಾಲಾಗಿ ಇಟ್ಟಿದ್ದ. ಮಾವನಿಗೆ ಕುಡಿಯುವ ಆಸೆಗಿಂತ ಪಾಠ ಕೇಳುವ ತಾಳ್ಮೆ ಹೆಚ್ಚು. ಅಳಿಯನಿಗೆ ಬೇಕಾದದ್ದೂ ಅದೇ.

“ಇದು ಬ್ಲಾಂಕೋ. ಭಟ್ಟಿಯಿಂದ ಇಳಿದ ಹಾಗೇ. ಮರ ಮುಟ್ಟಿಲ್ಲ, ನೀರಿನ ಹಾಗೆ ತಿಳಿ. ಕತ್ತಾಳೆ ದಿಂಡಿನ ನಿಜವಾದ ಗುಣ ಇದರಲ್ಲೇ. ಇದು ರೆಪೊಸಾಡೊ, ಕೆಲವು ತಿಂಗಳು ಓಕ್ ಮರದ ಪೀಪಾಯಿಯಲ್ಲಿ ಮಲಗಿರುತ್ತೆ. ಒಣಹುಲ್ಲಿನ ಬಣ್ಣ ಬರುತ್ತೆ, ಖಾರ ತಗ್ಗುತ್ತೆ. ಇದು ಅನ್ಯೇಹೊ. ವರ್ಷದ ಮೇಲೆ ಪೀಪಾಯಿಯಲ್ಲಿ ಇದ್ದದ್ದು. ಬಣ್ಣ ನೋಡಿ, ಜೇನು! ವೆನಿಲಾ, ಬೆಣ್ಣೆ, ಸುಟ್ಟ ಸಕ್ಕರೆ.”

“ಅಂದ್ರೆ ವಯಸ್ಸಾದ ಹಾಗೆಲ್ಲ ಸಿಹಿ ಆಗುತ್ತೆ” ಎಂದರು ಮಾವ.

“ಮನುಷ್ಯರಿಗೆ ಅದು ಲಾಗೂ ಇಲ್ಲ” ಎಂದು ಅಡುಗೆಮನೆಯಿಂದ ಅತ್ತೆಯ ದನಿ ಬಂತು.

ದೊಡ್ಡಳಿಯ ನಾಲ್ಕನೆಯ ಬಾಟಲಿಯ ಚೀಟಿಯನ್ನು ಅಂಗೈಯಲ್ಲಿ ಮರೆಮಾಡಿ ಸುರಿದ. ಅದೂ ನೀರಿನಂತೆ ತಿಳಿ. “ಇದು ಯಾವುದು ಹೇಳಿ ನೋಡೋಣ” ಎಂದ. ಅದು ಅವನ ಹಳೆಯ ಆಟ. ಎಲ್ಲರೂ ಬ್ಲಾಂಕೋ ಎನ್ನುತ್ತಾರೆ, ಆಗ ಅವನು ನಕ್ಕು ತಿದ್ದುತ್ತಾನೆ.

ಮಾವ ಬ್ಲಾಂಕೋ ಎಂದರು. ದೊಡ್ಡಳಿಯನ ಹೆಂಡತಿ, ಹದಿನೈದು ವರ್ಷದಿಂದ ಈ ಆಟ ನೋಡಿದವಳು, ಗಂಡನ ಸಂತೋಷಕ್ಕೆಂದು ಬ್ಲಾಂಕೋ ಎಂದಳು. ಚಿಕ್ಕಳಿಯ ಗ್ಲಾಸನ್ನು ಮೂಗಿನ ಹತ್ತಿರ ಹಿಡಿದು ಕಣ್ಣು ಮುಚ್ಚಿದ.

“ಇದನ್ನ ಯಾರೋ ಒಗೆದಿದಾರೆ ಭಾವ.”

“ಏನು?”

“ಇದೂ ಮರದಲ್ಲಿ ಇದ್ದದ್ದೇ. ಜಾಸ್ತಿ ದಿನ ಇದ್ದದ್ದು. ಆಮೇಲೆ ಬಣ್ಣ ತೆಗೆದಿದಾರೆ. ಬಣ್ಣ ಹೋಯ್ತು, ಒಳಗಿರೋದು ಪೂರ್ತಿ ಹೋಗಿಲ್ಲ. ಇದ್ದಿಲು ಹಾಕಿ ಸೋಸಿರಬೇಕು. ನಮ್ಮಲ್ಲೂ ಸೀರೆ ಬಣ್ಣ ಇನ್ನೊಂದಕ್ಕೆ ಹತ್ತಿದಾಗ ತೆಗೀತೀವಲ್ಲ, ಹಾಗೆ.”

ಅದು ಕ್ರಿಸ್ಟಲಿನೊ. ಅನ್ಯೇಹೊವನ್ನು ಇದ್ದಿಲಿನಲ್ಲಿ ಸೋಸಿ ಬಣ್ಣ ಕಳೆದದ್ದು. ಚಿಕ್ಕಳಿಯ ಅಕ್ಷರ ಅಕ್ಷರವೂ ಸರಿಯಾಗಿ ಹೇಳಿದ್ದ. ದೊಡ್ಡಳಿಯನಿಗೆ ಅದು ಗೊತ್ತಿದ್ದದ್ದು ಚೀಟಿಯಿಂದ.

“ಅರೆ, ಸರಿಯಾಗಿ ಹೇಳಿದ್ರಾ?” ಎಂದು ಮಾವ ಪೇಪರು ಪೂರ್ತಿ ಕೆಳಗಿಟ್ಟರು. ದೊಡ್ಡಳಿಯನ ಪಾಠಕ್ಕೆ ಅವರು ಪೇಪರು ಮಡಚಿದ್ದರೇ ಹೊರತು ಕೆಳಗಿಟ್ಟಿರಲಿಲ್ಲ.

“ಹತ್ತಿರ ಬಂದ” ಎಂದ ದೊಡ್ಡಳಿಯ.

ಮನೆಗೆ ಮರಳುವಾಗ ಹೆಂಡತಿ, “ನಮ್ಮ ತಂಗಿ ಗಂಡನ ಮೂಗು ನೋಡಿದ್ರೇನ್ರೀ! ಅಬ್ಬಾ” ಎಂದಳು.

“ಅದೃಷ್ಟ. ಮೂರರಲ್ಲಿ ಒಂದು ಎಲ್ಲರಿಗೂ ಹತ್ತುತ್ತೆ.”

“ನಾಲ್ಕು ಇತ್ತಲ್ಲ?”

ದೊಡ್ಡಳಿಯನ ಹೊಟ್ಟೆಯಲ್ಲಿ ಹತ್ತಿಕೊಂಡ ಕಿಚ್ಚು ಅಷ್ಟು ಹೊತ್ತಿಗೆ ಎದೆ ಮಟ್ಟಕ್ಕೆ ಬಂದಿತ್ತು. ಒಬ್ಬ ಲಾಂಡ್ರಿಯವನಿಗೆ ಇಂಥ ಮೂಗು ಯಾಕೆ ಬೇಕಿತ್ತು? ಬೆವರು ಮೂಸುವುದಕ್ಕೆ ಇಷ್ಟು ಒಳ್ಳೆಯ ಸಾಮಾನು ಕೊಟ್ಟು, ತನ್ನದನ್ನು ಕಿತ್ತುಕೊಂಡ ವ್ಯವಸ್ಥೆ ಎಂಥದ್ದು?

ಇದು ಇಷ್ಟಕ್ಕೇ ನಿಂತಿದ್ದರೆ ಕಾಲ ಕಳೆದಂತೆ ಆರುತ್ತಿತ್ತೇನೋ. ಆದರೆ ಮುಂದಿನ ವಾರ ಕಂಪನಿಯ ಒಡತಿ ಮೇಡಂ ತಮ್ಮ ಉಣ್ಣೆಯ ಕೋಟನ್ನು ಒಗೆಯಲು ಕೊಟ್ಟರು. ಊರಿನಲ್ಲಿದ್ದ ಎಲ್ಲ ಲಾಂಡ್ರಿ ಬಿಟ್ಟು ಆ ಮೂಲೆಯ ಲಾಂಡ್ರಿಗೇ ಕೊಟ್ಟರು. ತೋಳಿನ ಮೇಲೆ ಅಂಗೈಯಷ್ಟು ಕಲೆ. “ಟೀ ಚೆಲ್ಲಿತು” ಎಂದರು ಮೇಡಂ. ಅವರೂ ಗಿರಾಕಿಯೇ ತಾನೆ. ಚಿಕ್ಕಳಿಯ ಮೂಸಿ, ಉಣ್ಣೆ ಹಾಳಾದೀತೆಂದು ಎಂದಿನಂತೆ ಸುಮ್ಮನಿರದೆ, “ಟಕೀಲಾ ಮೇಡಂ. ಮರದಲ್ಲಿ ಆರು ತಿಂಗಳು ಇದ್ದಿರಬೇಕು, ಅದಕ್ಕಿಂತ ಹೆಚ್ಚಿಲ್ಲ. ಬಿಸಿನೀರು ಹಾಕಿದ್ರೆ ಕೂತುಬಿಡುತ್ತೆ, ತಣ್ಣೀರಲ್ಲೇ ತೆಗೀತೀನಿ” ಎಂದನಂತೆ. ಮೇಡಂ ಕಲೆ ಮಾಡಿಕೊಂಡದ್ದು ತಮ್ಮದೇ ಕಂಪನಿಯ ರೆಪೊಸಾಡೊದಿಂದ. ಪೀಪಾಯಿಯಲ್ಲಿ ಐದೂವರೆ ತಿಂಗಳು.

“ಇದೆಲ್ಲ ನಿಮಗೆ ಯಾರು ಹೇಳಿಕೊಟ್ಟಿದ್ದು?”

“ನಮ್ಮ ಭಾವ. ನಿಮ್ಮಲ್ಲೇ ಕೆಲಸ ಮಾಡ್ತಾರೆ.”

ಹೀಗೆ ಅವನು ದೊಡ್ಡಳಿಯನ ಹೆಸರು ಹೇಳಿಯೇ ಕಂಪನಿಯೊಳಗೆ ಬಂದ. ಸೋಮವಾರ ಬೆಳಿಗ್ಗೆ ಮೇಡಂ, “ನಿಮ್ಮ ಷಡ್ಡಕರು ಇಂಥವರು ಅಂತ ಒಂದು ಮಾತೂ ಹೇಳಿರ್ಲಿಲ್ವಲ್ಲ! ಶಿಷ್ಯನ್ನ ಮುಚ್ಚಿಟ್ಟುಕೊಂಡಿದ್ರಾ?” ಎಂದು ನಗುನಗುತ್ತ ಕೇಳಿದಾಗ, ದೊಡ್ಡಳಿಯನ ಮುಖ ಹೇಗಿತ್ತು ಎಂಬುದನ್ನು ಗುಡಿಸುವಾಕೆ ಬಹಳ ದಿನ ಅಭಿನಯಿಸಿ ತೋರಿಸುತ್ತಿದ್ದಳು.

ಮೇಡಂ ಲೆಕ್ಕ ನೇರವಾಗಿತ್ತು. ರುಚಿಯ ಕೋಣೆಗೆ ಇನ್ನೊಬ್ಬ ಕಾಯಂ ಮನುಷ್ಯ ಬೇಕು. ಐದು ಸುತ್ತು ಪರೀಕ್ಷೆ. ಐದೂ ಸರಿ ಬಂದರೆ ಲಾಂಡ್ರಿಯವನು ಒಳಗೆ, ಒಂದು ತಪ್ಪಿದರೂ ಅವನು ಇಸ್ತ್ರಿಪೆಟ್ಟಿಗೆಗೆ ವಾಪಸು.

“ಪರೀಕ್ಷೆ ನೀವೇ ಕಟ್ಟಿ. ಎಂದಿನ ಹಾಗೆ” ಎಂದರು.

ಎಂದಿನ ಹಾಗೆ ಎಂದರೆ ಹೀಗೆ. ಕಪ್ಪು ಗಾಜಿನ ಮೂರು ಗ್ಲಾಸು. ಒಳಗಿನ ಬಣ್ಣ ಕಾಣಬಾರದು. ಎರಡರಲ್ಲಿ ಒಂದೇ ಮದ್ಯ, ಮೂರನೆಯದರಲ್ಲಿ ಬೇರೆ. ಬೇರೆ ಯಾವುದೆಂದು ಹೇಳಬೇಕು, ಅಷ್ಟೆ. ಕೇಳುವುದಕ್ಕೆ ಮಕ್ಕಳಾಟ, ಕೂತವರಿಗೆ ಗೊತ್ತು. ಕಂಪನಿಯ ರುಚಿಗಾರರೆಲ್ಲ ವರ್ಷಕ್ಕೊಮ್ಮೆ ಇದರಲ್ಲಿ ಪಾಸಾಗಬೇಕು. ಮುಖ್ಯ ರುಚಿಗಾರ ಮಾತ್ರ ಕೂರುವಂತಿಲ್ಲ, ಯಾಕೆಂದರೆ ಕಟ್ಟುವವನೇ ಅವನು. ಈ ನಿಯಮ ಇದ್ದ ಪುಸ್ತಕ ಬರೆದವನೂ ಅವನೇ. ಕಳೆದೆರಡು ವರ್ಷದಲ್ಲಿ ಆ ಪುಸ್ತಕದ ಬಗ್ಗೆ ಅವನಿಗೆ ವಿಶೇಷ ಗೌರವ ಮೂಡಿತ್ತು.

ಇನ್ನೊಂದು ಮೂಗು ಪಕ್ಕದಲ್ಲಿ ಕೂತರೆ ಏನಾಗುತ್ತದೆ ಎಂದು ಅವನು ಬಿಡಿಸಿ ಹೇಳಿಕೊಳ್ಳಬೇಕಿರಲಿಲ್ಲ. ಒಂದೇ ಲಾಟನ್ನು ಇಬ್ಬರೂ ಮೂಸುತ್ತಾರೆ, ಇಬ್ಬರೂ ಬರೆಯುತ್ತಾರೆ, ಮೇಡಂ ಎರಡನ್ನೂ ಓದುತ್ತಾರೆ. ಹದಿನೈದು ದಿನ ಸಾಕು. ಚಿಕ್ಕಳಿಯ ಗೆದ್ದರೆ ಕುರ್ಚಿ ಹೋದಂತೆ.

ಪರೀಕ್ಷೆಯ ದಿನ ಚಿಕ್ಕಳಿಯ ಸಾದಾ ಬಿಳಿ ಅಂಗಿಯಲ್ಲಿ ಬಂದ. ಕಾಲರು ಚಾಕುವಿನಂತೆ ನಿಂತಿತ್ತು. “ಭಾವ, ತಪ್ಪಾದ್ರೆ ಬೈಬೇಡಿ” ಎಂದ. ಅವನಿಗೆ ನಿಜವಾಗಿಯೂ ಭಯವಾಗಿತ್ತು. ಅದು ನಟನೆ ಎಂದು ದೊಡ್ಡಳಿಯ ತೀರ್ಮಾನಿಸಿದ.

ಮೊದಲನೆಯ ಸುತ್ತು ಸುಲಭದ್ದು: ಎರಡು ಬ್ಲಾಂಕೋ, ಒಂದು ಅನ್ಯೇಹೊ. ಚಿಕ್ಕಳಿಯ ಮೂಸಿ ಮುಗಿಸುವ ಮುಂಚೆಯೇ ತೋರಿಸಿದ. ಎರಡನೆಯದು ರೆಪೊಸಾಡೊ ಎದುರು ಅನ್ಯೇಹೊ. “ಇವೆರಡು ಬೇಗ ಎದ್ದವು. ಇದು ಇನ್ನೂ ಮಲಗಿತ್ತು” ಎಂದು ನಡುವಿನದನ್ನು ಮುಂದೆ ತಳ್ಳಿದ. ಮೂರನೆಯದರಲ್ಲಿ ದೊಡ್ಡಳಿಯ ಸ್ವಲ್ಪ ಬಿಗಿ ಮಾಡಿದ: ಎರಡೂ ಬ್ಲಾಂಕೋ, ಆದರೆ ಒಂದು ದಿಂಡನ್ನು ಇಟ್ಟಿಗೆಯ ಗೂಡಿನಲ್ಲಿ ನಿಧಾನವಾಗಿ ಬೇಯಿಸಿದ್ದು, ಇನ್ನೊಂದು ಉಗಿಯ ಒತ್ತಡದಲ್ಲಿ ಬೇಗ ಬೇಯಿಸಿದ್ದು. ಉಗಿ ಎಂದರೆ ಚಿಕ್ಕಳಿಯನಿಗೆ ತವರುಮನೆ. ತಕ್ಷಣ ಹಿಡಿದ. ನಾಲ್ಕನೆಯದು ಅನ್ಯೇಹೊ ಎದುರು ಕ್ರಿಸ್ಟಲಿನೊ. ಆ ಗ್ಲಾಸು ಮೂಸಿ ಅವನು ಹಳೆಯ ಪರಿಚಯದವನನ್ನು ಕಂಡಂತೆ ನಕ್ಕ.

ಮೇಡಂ ಕೈ ಕೈ ಉಜ್ಜಿಕೊಂಡರು. “ಇನ್ನೊಂದೇ!”

ದೊಡ್ಡಳಿಯ ಹಿಂದಿನ ಸಣ್ಣ ಕೋಣೆಗೆ ಹೋಗಿ ಬಾಗಿಲು ಮರೆ ಮಾಡಿದ. ಪುಸ್ತಕದ ಕೊನೆಯ ಹಾಳೆಯಲ್ಲಿ ಒಂದು ಸಾಲಿತ್ತು, ಅದನ್ನು ಬರೆದವನನ್ನು ಬಿಟ್ಟು ಯಾರೂ ಓದಿರಲಾರದ ಸಾಲು: ಕಟ್ಟುವವನು ಬಯಸಿದರೆ ಒಂದು ಸುತ್ತಿನಲ್ಲಿ ಮೂರೂ ಗ್ಲಾಸಿಗೆ ಒಂದೇ ಮದ್ಯ ಸುರಿಯಬಹುದು, ಆಗ ರುಚಿಗಾರ ‘ಯಾವುದೂ ಬೇರೆಯಲ್ಲ’ ಎನ್ನಬೇಕು. ಹತ್ತೊಂಬತ್ತು ವರ್ಷದಲ್ಲಿ ಅವನು ಅದನ್ನು ಬಳಸಿರಲಿಲ್ಲ. ಒಂದು ಗ್ಲಾಸು ಬೇರೆ ಇದ್ದೇ ಇರುತ್ತದೆ ಎಂದು ನಂಬಿ ಕೂತವನು ಏನಾದರೊಂದನ್ನು ತೋರಿಸಿಯೇ ತೋರಿಸುತ್ತಾನೆ. ತೋರಿಸಿದ್ದು ತಪ್ಪಾಗಿಯೇ ಆಗುತ್ತದೆ. ಕಾನೂನಿಗೆ ಕಾನೂನೂ ಆಯಿತು.

ಬ್ಲಾಂಕೋದ ಸಣ್ಣ ಮಾದರಿ ಬಾಟಲಿ ತೆಗೆದು ಒಂದು, ಎರಡು ಗ್ಲಾಸಿಗೆ ಸುರಿದ. ಬಾಟಲಿ ಮುಗಿಯಿತು. ಕೆಳಗಿನ ಹಲಗೆಯಿಂದ ಅದೇ ಬ್ಲಾಂಕೋದ ಇನ್ನೊಂದು ಬಾಟಲಿ ಎತ್ತಿ, ಕನ್ನಡಕ ಮೇಲೆ ಸರಿಸಿ ಲಾಟ್ ನಂಬರ್ ನೋಡಿದ. ಎರಡರದೂ ಒಂದೇ ನಂಬರು. ಮೂಸಿಯೂ ನೋಡಿದ. ಸರಿಯಾಗೇ ಇತ್ತು. ಅವನ ಮೂಗಿಗೆ ಈಗ ಎಲ್ಲವೂ ಸರಿಯಾಗೇ ಇರುತ್ತಿತ್ತು. ಮೂರನೆಯ ಗ್ಲಾಸು ತುಂಬಿಸಿ, ತಳಕ್ಕೆ ಒಂದು, ಎರಡು, ಮೂರು ಎಂದು ಚೀಟಿ ಅಂಟಿಸಿ, ಕಾಗದದ ಮೇಲೆ ‘ಮೂರೂ ಒಂದೇ’ ಎಂದು ಬರೆದು ಕವರಿಗೆ ಹಾಕಿ ಮೇಡಂ ಕೈಗೆ ಕೊಟ್ಟ.

ಚಿಕ್ಕಳಿಯ ಈ ಸಲ ಹೊತ್ತು ತೆಗೆದುಕೊಂಡ. ಮೊದಲನೆಯದು, ಎರಡನೆಯದು, ಮತ್ತೆ ಮೊದಲನೆಯದು. ನೀರು ಕುಡಿದ. ಅವನ ಹಣೆಯ ಮೇಲೆ ಬೆವರು ಮೂಡುವುದನ್ನು ದೊಡ್ಡಳಿಯ ಎಣಿಸುವಂತೆ ನೋಡುತ್ತಿದ್ದ. ಅಷ್ಟು ಸುಖ ಅವನಿಗೆ ಈಚಿನ ವರ್ಷಗಳಲ್ಲಿ ಯಾವ ಮದ್ಯದಿಂದಲೂ ಸಿಕ್ಕಿರಲಿಲ್ಲ.

“ಮೂರನೇದು” ಎಂದ ಚಿಕ್ಕಳಿಯ.

ಮೇಡಂ ಕವರು ಬಿಡಿಸಿ ಓದಿದರು. ಮತ್ತೊಮ್ಮೆ ಓದಿದರು. “ಮೂರೂ ಒಂದೇ?”

“ಪುಸ್ತಕದಲ್ಲಿ ಇದೆ, ಕೊನೇ ಪುಟ” ಎಂದ ದೊಡ್ಡಳಿಯ ಮೆತ್ತಗೆ. “ಬೇಜಾರಾಗ್ಬೇಡಪ್ಪ. ನಾಲ್ಕು ಬಂತಲ್ಲ, ಅದೇ ಹೆಚ್ಚು.”

ಚಿಕ್ಕಳಿಯ ತಲೆ ಕೆರೆದುಕೊಂಡ. “ಇರಲಾರದು ಭಾವ. ಮೊದಲಿನ ಎರಡು ಒಂದೇ. ಇದು ಬೇರೆ. ಒಂದೇ ತಾನಿನ ಬಟ್ಟೆ, ಸರಿ. ಆದ್ರೆ ಇದನ್ನ ಬಹಳ ದಿನ ಹೊರಗೆ ನೇತುಹಾಕಿದಾರೆ.”

“ನಾನೇ ಸುರಿದದ್ದು ಕಣಪ್ಪಾ.”

“ನೀವೇ ಸುರಿದಿರಿ, ಇಲ್ಲ ಅನ್ನಲ್ಲ.”

ಮೇಡಂ ಜಗಳ ಬೆಳೆಯಲು ಬಿಡುವವರಲ್ಲ. ಚಿಕ್ಕಳಿಯನಿಗೆ ಗೋಡೆಯ ಕಡೆ ತಿರುಗಲು ಹೇಳಿ, ಗ್ಲಾಸುಗಳನ್ನು ಅದಲುಬದಲು ಮಾಡಿದರು. ತಿರುಗಿ ಮೂಸಿ ಒಂದನ್ನು ತೋರಿಸಿದ. ಎತ್ತಿ ತಳ ನೋಡಿದರೆ ಮೂರು. ಮತ್ತೆ ಬದಲಿಸಿದರು, ಮತ್ತೆ ಮೂರು. ಮೂರನೆಯ ಸಲವೂ ಮೂರು. ಮೇಡಂ ಎದ್ದು ಹಿಂದಿನ ಕೋಣೆಗೆ ಹೋಗಿ ಎರಡು ಬಾಟಲಿಗಳನ್ನು ಹಿಡಿದುಕೊಂಡು ಬಂದರು. ಒಂದು ಖಾಲಿ, ಅವತ್ತು ಬೆಳಿಗ್ಗೆ ತೆರೆದದ್ದು, ಬ್ಲಾಂಕೋ ಸುತ್ತುಗಳಲ್ಲಿ ಖರ್ಚಾದದ್ದು. ಇನ್ನೊಂದರ ಕುತ್ತಿಗೆಗೆ ಕಟ್ಟಿದ್ದ ಚೀಟಿಯಲ್ಲಿ ತೆರೆದ ತಾರೀಖು ಇತ್ತು: ಐದು ತಿಂಗಳ ಹಿಂದಿನದು. ಬಿರಡೆ ಸಡಿಲವಾಗಿತ್ತು. ಮೂರರಲ್ಲಿ ಒಂದು ಪಾಲು ಮದ್ಯ, ಎರಡು ಪಾಲು ಗಾಳಿ. ಮೇಡಂ ಸ್ವತಃ ಮೂಸಿ, “ನನಗೇ ಗೊತ್ತಾಗ್ತಿದೆಯಲ್ಲ!” ಎಂದರು.

ಆ ಕ್ಷಣದಲ್ಲಿ ದೊಡ್ಡಳಿಯ ಸುಮ್ಮನಿದ್ದಿದ್ದರೆ ಆಗಿತ್ತು. ಆದರೆ ಅವನು, “ಅಷ್ಟೇನೂ ಬೇರೆ ಇಲ್ಲ” ಎಂದುಬಿಟ್ಟ.

ಮೇಡಂ ಅವನನ್ನು ನೋಡಿದರು. ಎಷ್ಟೋ ದಿನದಿಂದ ಬಾಯಿಗೆ ಬರದೆ ಇದ್ದ ಪ್ರಶ್ನೆಯೊಂದು ಈಗ ಬಂದಂತಿತ್ತು. “ಹಾಗಾದ್ರೆ ನೀವೂ ಒಂದ್ಸಲ ನೋಡಿ. ಒಂದು ಬೇರೆ ಇದೆ ಅಂತ ಈಗ ಗೊತ್ತಿದೆಯಲ್ಲ, ನಿಮಗೇನು ಕಷ್ಟ?”

ಹತ್ತೊಂಬತ್ತು ವರ್ಷದಲ್ಲಿ ಮೊದಲ ಸಲ ಅವನು ಮೇಜಿನ ಈ ಕಡೆ ಕೂತ. ಮೇಡಂ ಗ್ಲಾಸು ಬದಲಿಸಿ ತಮ್ಮ ಪಟ್ಟಿಯಲ್ಲಿ ಗುರುತು ಹಾಕಿಕೊಂಡರು. ಅವನು ಒಂದೊಂದನ್ನೇ ಮೂಗಿಗೆ ಹಿಡಿದ. ಮೂರು ಕಪ್ಪು ಬಾವಿ. ಮೂರರಲ್ಲೂ ಅದೇ ಮಸುಕು ಚುರುಕು, ಅದರಾಚೆ ಏನೂ ಇಲ್ಲ.

ತಲೆಯೆತ್ತಿದಾಗ ಮೇಡಂ ಬೆನ್ನಿನ ಹಿಂದೆ ಚಿಕ್ಕಳಿಯ ನಿಂತಿದ್ದ. ಅಲ್ಲಿ ನಿಂತೇ ಮೂರು ಗ್ಲಾಸಿನ ಗಾಳಿ ಅವನಿಗೆ ತಲುಪಿತ್ತೋ, ಮೇಡಂ ಪಟ್ಟಿ ಅವನಿಗೆ ಕಂಡಿತೋ. ಅಂಗಿಯ ಗುಂಡಿಯ ಮೇಲೆ ಎರಡು ಬೆರಳು ಇಟ್ಟು, ಮೆಲ್ಲಗೆ ಎರಡು ಸಲ ತಟ್ಟಿದ.

ಎರಡನೆಯದು.

ದೊಡ್ಡಳಿಯನ ಮನಸ್ಸು ಅಷ್ಟು ವೇಗವಾಗಿ ಓಡಿ ಬಹಳ ಕಾಲವಾಗಿತ್ತು. ಇವನು ನನಗೆ ಯಾಕೆ ಹೇಳಿಕೊಡುತ್ತಾನೆ? ನಾನು ಬಿದ್ದರೆ ಇವನಿಗೆ ಕುರ್ಚಿ. ಇವನ ಜಾಗದಲ್ಲಿ ನಾನಿದ್ದಿದ್ದರೆ ಏನು ಮಾಡುತ್ತಿದ್ದೆ? ತಪ್ಪು ಗ್ಲಾಸನ್ನೇ ತೋರಿಸುತ್ತಿದ್ದೆ. ನಗುನಗುತ್ತ ತೋರಿಸುತ್ತಿದ್ದೆ. ಇದು ಬಲೆ. ಎರಡನೆಯದು ಅಲ್ಲವೇ ಅಲ್ಲ ಎಂಬುದು ಅವನಿಗೆ ಸೂರ್ಯನಷ್ಟು ಸ್ಪಷ್ಟವಾಯಿತು.

“ಒಂದನೇದು” ಎಂದ.

ಮೇಡಂ ಎರಡನೆಯದನ್ನು ಎತ್ತಿ ತಳ ತೋರಿಸಿದರು. ಮೂರು.

“ಸ್ವಲ್ಪ ನೆಗಡಿ. ಇನ್ನೊಂದ್ಸಲ.”

ಮತ್ತೆ ಬದಲಿಸಿದರು. ಚಿಕ್ಕಳಿಯ ಈ ಸಲ ಒಂದು ಬೆರಳು ಇಟ್ಟು ಒಂದು ಸಲ ತಟ್ಟಿದ. ಅವನ ಕಣ್ಣಲ್ಲಿ ಬೇಡಿಕೊಳ್ಳುವಂಥ ಏನೋ ಇತ್ತು. ದೊಡ್ಡಳಿಯ ಅದನ್ನೂ ಓದಿದ. ಮೊದಲ ಸಲ ನಿಜ ತೋರಿಸಿದ್ದು ನಂಬಿಸುವುದಕ್ಕೆ, ಈಗ ಸುಳ್ಳು ತೋರಿಸುವುದು ಮುಳುಗಿಸುವುದಕ್ಕೆ. ತಾನಾಗಿದ್ದರೆ ಹಾಗೇ ಮಾಡುತ್ತಿದ್ದದ್ದು.

“ಮೂರನೇದು.”

ಅದು ಒಂದನೆಯದಾಗಿತ್ತು.

ಮೂರನೆಯ ಸಲ ಚಿಕ್ಕಳಿಯ ಕಿಟಕಿಯ ಹೊರಗೆ ನೋಡುತ್ತ ನಿಂತಿದ್ದ. ಬೆರಳು ಅಲ್ಲಾಡಲಿಲ್ಲ. ದೊಡ್ಡಳಿಯ ಕಣ್ಣು ಮುಚ್ಚಿಕೊಂಡು ಕೈಗೆ ಸಿಕ್ಕಿದ್ದನ್ನು ಎತ್ತಿದ. ಅದು ಸರಿಯಾಗಿತ್ತು. ಆದರೆ ಮೇಡಂ ಅಷ್ಟರಲ್ಲಿ ಪೆನ್ನಿನ ಮುಚ್ಚಳ ಹಾಕಿಯಾಗಿತ್ತು.

“ಈ ನೆಗಡಿ ಎಷ್ಟು ದಿನದಿಂದ?” ಎಂದು ಮೆತ್ತಗೆ ಕೇಳಿದರು.

“ಎರಡು ವರ್ಷ” ಎಂದ ದೊಡ್ಡಳಿಯ. ಹೇಳಿದ ಮೇಲೆಯೇ ಹೇಳಿದ್ದು ಅವನಿಗೆ ಕೇಳಿಸಿದ್ದು.

ಮೇಡಂ ಅವನನ್ನು ಹೊರಗೆ ಹಾಕಲಿಲ್ಲ. ಹೊರಗೆ ಹಾಕಿದ್ದರೆ ಒಂದಿಷ್ಟು ದಿನ ಅವರನ್ನು ಬೈದುಕೊಂಡಾದರೂ ಇರಬಹುದಿತ್ತು. ಅವರು ಹೇಳಿದ್ದು ಇಷ್ಟೆ: ಮೂಗು ಚಿಕ್ಕಳಿಯನದು, ಬರವಣಿಗೆ ದೊಡ್ಡಳಿಯನದು. ಒಬ್ಬ ಮೂಸಿ ಹೇಳಲಿ, ಇನ್ನೊಬ್ಬ ನಾಲ್ಕು ಜನ ಓದುವ ಹಾಗೆ ಬರೆಯಲಿ. ಹೇಗಿದ್ದರೂ ಮನೆಯವರೇ.

ಮುಂದಿನ ಸೋಮವಾರ ಬಂದಾಗ ಕಿಟಕಿಯ ಪಕ್ಕದ ಕುರ್ಚಿ ಗಿಡ್ಡವಾಗಿತ್ತು. ಚಿಕ್ಕಳಿಯನ ಕಾಲು ನೆಲ ಮುಟ್ಟುತ್ತಿರಲಿಲ್ಲವೆಂದು ಬಡಗಿಯನ್ನು ಕರೆಸಿ ಎರಡು ಇಂಚು ಕುಯ್ಯಿಸಿದ್ದರು. ಕುಯ್ದ ನಾಲ್ಕು ತುಂಡು ಮೂಲೆಯ ಕಸದ ಬುಟ್ಟಿಯಲ್ಲಿದ್ದವು. ದೊಡ್ಡಳಿಯ ಅವನ್ನು ನೋಡದ ಹಾಗೆ ನೋಡಿ, ಪಕ್ಕದ ಸ್ಟೂಲಿನ ಮೇಲೆ ಕೂತು ಕಾಗದ ಬಿಡಿಸಿದ.

ಹೊಸ ಬ್ಲಾಂಕೋ ಬಂದಿತ್ತು. ಚಿಕ್ಕಳಿಯ ಗ್ಲಾಸು ಎತ್ತಿದವನು ಮತ್ತೆ ಕೆಳಗಿಟ್ಟ. “ಭಾವ, ನಾನು ಅವತ್ತು ತಟ್ಟಿದ್ದು ಕಾಣಿಸ್ಲಿಲ್ವಾ?”

“ಕಾಣಿಸ್ತು.”

“ಮತ್ತೆ?”

“ಸುಳ್ಳು ಹೇಳ್ತಿದೀಯ ಅಂದ್ಕೊಂಡೆ.”

ಚಿಕ್ಕಳಿಯನಿಗೆ ಕೋಪ ಬರಲಿಲ್ಲ. ಯಾವುದೋ ಗೊತ್ತಿಲ್ಲದ ಕಲೆ ನೋಡಿದ ಹಾಗೆ ನೋಡಿದ. “ನಾನ್ಯಾಕೆ ಸುಳ್ಳು ಹೇಳಲಿ?”

ಅದಕ್ಕೆ ದೊಡ್ಡಳಿಯನ ಹತ್ತಿರ ಹತ್ತು ಉತ್ತರ ಇತ್ತು. ಹತ್ತೂ ತನ್ನವೇ ಎಂಬುದು ಹೊಳೆದು ಬಾಯಿ ಮುಚ್ಚಿಕೊಂಡ.

“ನಿಮ್ಮ ಮೂಗಿನ ವಿಷಯ ನಂಗೆ ಹೋದ ವರ್ಷವೇ ಗೊತ್ತಾಗಿತ್ತು. 
ಅತ್ತೆ ಮನೇಲಿ ಹಾಲು ಉಕ್ಕಿ ಸೀದು ಹೋಯ್ತಲ್ಲ, ನೀವು ಒಲೆ ಪಕ್ಕದಲ್ಲೇ ಕೂತು ಪೇಪರ್ ಓದ್ತಿದ್ರಿ. ಬೀದೀಲಿದ್ದವರು ಬಂದು ಒಲೆ ಆರಿಸಿದ್ರು.”

“ಯಾರಿಗೆ ಹೇಳ್ದೆ?”

“ಯಾರಿಗ್ ಹೇಳ್ಲಿ? ನಿಮ್ಮ ವಿಷಯ.”

ಒಂದು ವರ್ಷ! ಅವನ ಕೈಯಲ್ಲಿ ತನ್ನನ್ನು ಮುಳುಗಿಸುವ ಮಾತಿತ್ತು, ಅವನು ಅದನ್ನು ಕವರಿಗೆ ಹಾಕಿ ಇಟ್ಟುಕೊಂಡಿದ್ದ. ದೊಡ್ಡಳಿಯನಿಗೆ ಕೃತಜ್ಞತೆ ಬರಬೇಕಿತ್ತು. ಬರುವ ದಾರಿಯಲ್ಲೇ ಅದು ಬೇರೇನೋ ಆಯಿತು. ಮೂಗಿನಲ್ಲಿ ಇವನೇ ಮುಂದೆ, ಕುರ್ಚಿ ಇವನದೇ, ಈಗ ಒಳ್ಳೆಯತನದಲ್ಲೂ ಇವನೇ ಮುಂದೆ ಹೋಗಿ ಕೂತಿದ್ದಾನೆ. ಒಬ್ಬ ಮನುಷ್ಯ ಇನ್ನೊಬ್ಬನಿಗೆ ಏನಾದರೂ ಉಳಿಸಬೇಕಲ್ಲ?

“ಕೆಲಸ ನೋಡು” ಎಂದ.

ಚಿಕ್ಕಳಿಯ ಗ್ಲಾಸು ಎತ್ತಿ ಕಣ್ಣು ಮುಚ್ಚಿದ. “ಬರ್ಕೊಳ್ಳಿ ಭಾವ. ಮಳೆ ನಿಂತ ಮೇಲೆ ಹಗ್ಗದ ಮೇಲೆ ಹಾಕಿದ ಹತ್ತಿ ಬಟ್ಟೆ, ಇನ್ನೇನು ಒಣಗುತ್ತೆ ಅನ್ನೋವಾಗ ಅದರಲ್ಲಿ ಮುಖ ಇಟ್ಟ ಹಾಗೆ.”

ದೊಡ್ಡಳಿಯ ಬರೆದುಕೊಂಡ. ಬರೆದದ್ದನ್ನು ನೋಡಿದ. ಹತ್ತೊಂಬತ್ತು ವರ್ಷದಲ್ಲಿ ಅವನು ಬರೆದ ‘ಸಮತೋಲಿತ’, ‘ಸೌಮ್ಯ’, ‘ದೀರ್ಘ ಅಂತ್ಯ’ ಎಲ್ಲವನ್ನೂ ಒಂದು ತಕ್ಕಡಿಯಲ್ಲಿಟ್ಟು ಈ ಒಂದು ವಾಕ್ಯವನ್ನು ಇನ್ನೊಂದರಲ್ಲಿಟ್ಟರೆ ಯಾವುದು ಕೆಳಗಿಳಿಯುತ್ತದೆ ಎಂದು ಅವನಿಗೆ ಗೊತ್ತಿತ್ತು. ಮೂಗು ಹೋಗಿದ್ದರೂ ವಾಕ್ಯದ ರುಚಿ ಅವನಿಗೆ ಇನ್ನೂ ಹತ್ತುತ್ತಿತ್ತು, ಅದೇ ದುರದೃಷ್ಟ. ಆ ಕಾಗದವನ್ನು ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡ. ಇನ್ನೊಂದು ಹಾಳೆ ತೆಗೆದು ನೀಟಾಗಿ ಬರೆದ: ‘ಶುಭ್ರ ವಸ್ತ್ರದ ಸೌಮ್ಯ ಪರಿಮಳ.’ ಅದನ್ನು ಮೇಡಂ ಮೇಜಿಗೆ ಕಳಿಸಿದ.

“ಏನು ಬರೆದ್ರಿ ಭಾವ?”

ದೊಡ್ಡಳಿಯ ಓದಿ ಹೇಳಿದ.

“ಚೆನ್ನಾಗಿದೆ” ಎಂದ ಚಿಕ್ಕಳಿಯ. ಅವನ ಮುಖದಲ್ಲಿ ಸುಳ್ಳು ಹುಡುಕಿ ದೊಡ್ಡಳಿಯ ಸೋತ.

ದೊಡ್ಡಳಿಯನ ಅಂಗಿಗಳು ಹನ್ನೊಂದು ವರ್ಷದಿಂದ ಹೋಗುತ್ತಿದ್ದದ್ದು, ಚಿಕ್ಕಳಿಯ ಈಗಲೂ ಸಂಜೆ ಹೊತ್ತು ನೋಡಿಕೊಳ್ಳುತ್ತಿದ್ದ ಆ ಮೂಲೆಯ ಲಾಂಡ್ರಿಗೇ. ಅದು ಅವನಿಗೆ ನೆನಪಾದದ್ದು ಬುಧವಾರ, ಹೆಂಡತಿ ಬಟ್ಟೆಯ ಗಂಟು ಕೊಟ್ಟು ಬಂದ ಮೇಲೆ.

ಶುಕ್ರವಾರ ಸಂಜೆ ಅಂಗಿ ಬಂತು. ಕಾಲರು ಚಾಕುವಿನಂತೆ ನಿಂತಿತ್ತು. ಜೇಬಿಗೆ ಸಣ್ಣ ಕವರು ಪಿನ್ ಮಾಡಿತ್ತು. ಜೊತೆಗೆ ಚೀಟಿಯಾಗಲಿ ಮಾತಾಗಲಿ ಇರಲಿಲ್ಲ. ದೊಡ್ಡಳಿಯ ಬಾಗಿಲ ಕಡೆ ಬೆನ್ನು ಮಾಡಿ ಕವರು ಬಿಡಿಸಿದ. ಒಳಗೆ ಅವನ ಕಾಗದವೇ ಇತ್ತು. ಮಡಿಕೆಯ ಗುರುತು ಸಹ ಉಳಿಯದ ಹಾಗೆ ಅದಕ್ಕೂ ಇಸ್ತ್ರಿ ಹಾಕಿತ್ತು.